ತಗಡು ಕಳಚಿದ ಗುರಾಣಿಯವನು

ಇದರ ಬಗ್ಗೆ ಇನ್ನೊಬ್ಬರ ಹತ್ರ ಬಾಯಿ ಬಿಡಕೂಡದು ಅಂತ ಫಣಿರಾಜ ಸರ್ ಮೇದಿನಿಗೆ ಹೇಳಿದ್ರು. ಮೇದಿನಿ ಅವಳ ಅಕ್ಕನಾದ ನನಗೆ ಹೇಳಿ, ಅದೇ ಆಣೆ ನನ್ನ ಕೈಲೂ ಹಾಕಿಸಿಕೊಂಡ್ಲು. ಎದುರು ತಂಡದವರ ಕಿವಿಗೆ ಬೀಳಬಾರದು ಅನ್ನೋದು ಅವರ ಭಯ. ಈಗ ಬಿದ್ರೂ ಪರವಾಗಿಲ್ಲ, ಹೇಳಿಬಿಡ್ತೀನಿ.

ಕವಚ ಕಮ್ಮಿ ಮಾಡ್ಕೋ ಅಂತ ಸರ್ ಅಂದಾಗ ಮೇದಿನಿ ಕೇಳಿದ್ದು ಇಷ್ಟೇ. "ಸರ್, ಟ್ಯಾಂಕ್ ಆದವಳು ಕವಚ ಯಾಕೆ ಕಮ್ಮಿ ಮಾಡ್ಕೋಬೇಕು?"

ಆನ್‌ಲೈನ್ ಆಟದಲ್ಲಿ ಅವರದ್ದು ಐದು ಜನರ ತಂಡ. ಮುಂದೆ ನಿಂತು ಎಲ್ಲರ ಪಾಲಿನ ಏಟೂ ತಾನೇ ತಿನ್ನೋರಿಗೆ ಟ್ಯಾಂಕ್ ಅಂತಾರೆ. ಮೇದಿನಿ ಟ್ಯಾಂಕ್. ಗಳಿಸಿದ ಪಾಯಿಂಟನ್ನೆಲ್ಲ ಕವಚಕ್ಕೇ ಸುರಿದಿದ್ಲು. ಆದ್ರೂ ತಂಡ ಸೋಲ್ತಾನೇ ಇತ್ತು. ಈ ಭಾನುವಾರದ ಪಂದ್ಯದಲ್ಲೂ ಎದುರು ತಂಡದ ಕೋಟೆ ಸಿಗದಿದ್ರೆ ಬೇರೆ ಟ್ಯಾಂಕ್ ನೋಡ್ಕೋತೀವಿ ಅಂತ ಉಳಿದ ನಾಲ್ವರು ಹೇಳಿಯಾಗಿತ್ತು. ಆ ನಾಲ್ವರನ್ನ ಬಿಟ್ರೆ ಅವಳಿಗೆ ಗೆಳೆಯರು ಅಂತ ಯಾರೂ ಇರಲಿಲ್ಲ.

ಫಣಿರಾಜ ಸರ್ ಹೊಸಬರಿಗೆ ಆ ಆಟ ಕಲಿಸೋರು. ಹೆಡ್‌ಫೋನಲ್ಲಿ ಅವರ ದನಿ ನಿಧಾನವಾಗಿ ಬಂತು. "ಕೂತ್ಕೊಂಡು ಒಂದು ಕತೆ ಕೇಳು."

ಒಂದೂರಲ್ಲಿ ಒಬ್ಬ ಗುರಾಣಿಯವನಿದ್ದ. ಆ ಊರಲ್ಲಿ ಒಂದು ಪದ್ಧತಿ. ಯುದ್ಧದಿಂದ ಜೀವಂತ ವಾಪಸ್ ಬಂದವನ ಕವಚಕ್ಕೆ ಪ್ರತಿ ಸಲವೂ ಕಮ್ಮಾರ ಒಂದು ತಗಡು ಬಡೀತಿದ್ದ. ಅದೇ ಬಿರುದು. ಗುರಾಣಿಯವನ ಮೈತುಂಬ ತಗಡು. ಅವನು ನಡೆದ್ರೆ ಊರಿಗೆಲ್ಲ ಕೇಳ್ತಿತ್ತು.

ಒಂದು ದಿನ ರಾಕ್ಷಸ ಬಂದ. ಗುರಾಣಿಯವನು ಅಡ್ಡ ನಿಂತ. ರಾಕ್ಷಸ ಅವನನ್ನ ಮೇಲಿಂದ ಕೆಳಗೆ ನೋಡಿದ. "ನೀನಿಲ್ಲೇ ನಿಂತಿರಪ್ಪ, ನಿನ್ನ ಹತ್ರ ನನಗೇನು ಕೆಲಸ?" ಅಂದವನೇ ಪಕ್ಕದಿಂದ ಸುತ್ತಿ ಹೋದ. ಹಿಂದೆ ಗಾಯಕ್ಕೆ ಮದ್ದು ಹಚ್ಚೋ ವೈದ್ಯೆ ಇದ್ಲು, ಒಬ್ಬ ಬಿಲ್ಲುಗಾರ ಇದ್ದ. ಗುರಾಣಿಯವನು ಕಷ್ಟಪಟ್ಟು ತಿರುಗೋ ಹೊತ್ತಿಗೆ ಇಬ್ರೂ ನೆಲದ ಮೇಲೆ ನರಳ್ತಿದ್ರು. ರಾಕ್ಷಸ ಊರು ದೋಚಿಕೊಂಡು ಹೋದ. ಗುರಾಣಿಯವನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಜೀವಂತ ಬಂದನಲ್ಲ, ಕಮ್ಮಾರ ಇನ್ನೊಂದು ತಗಡು ತಂದ.

"ಬೇಡ," ಅಂದ ಗುರಾಣಿಯವನು. "ಇರೋದನ್ನೂ ಕಳಚು. ಮೊಳೆ ಕಿತ್ತು ಕೊಂಡಿ ಹಾಕು. ಬೇಕಾದಾಗ ತೊಟ್ಕೋತೀನಿ, ಬೇಡವಾದಾಗ ಬಿಚ್ಚಿ ಎಸೀತೀನಿ."

"ತಲೆ ನೆಟ್ಟಗಿದೆಯೇನಯ್ಯ? ಬಿರುದು ಬಿಚ್ಕೊಂಡು ಬೀದೀಲಿ ಓಡಾಡ್ತೀಯಾ?" ಅಂದ ಕಮ್ಮಾರ.

"ಓಡಾಡೋಕೇ ಬಿಚ್ಚಿಸ್ತಿರೋದು."

ಊರು ನಕ್ಕಿತು. ನಗೋರ ಮುಂದೆಯೇ ಅವನು ಓಡೋದು ಕಲಿತ. ಹಗ್ಗಕ್ಕೆ ಕೊಕ್ಕೆ ಕಟ್ಟಿ, ದೂರ ಇದ್ದವನನ್ನ ಎಳೆಯೋದು ಕಲಿತ.

ರಾಕ್ಷಸ ಮತ್ತೆ ಬಂದ, ಮತ್ತೆ ಪಕ್ಕದಿಂದ ಸುತ್ತಿದ. ಗುರಾಣಿಯವನು ತೊಡೆಯ ತಗಡು ಬಿಚ್ಚಿ ಎಸೆದು ಓಡಿದ. ವೈದ್ಯೆಯ ಮುಂದೆ ಮೊದಲು ಬಂದು ನಿಂತವನು ಅವನೇ. ರಾಕ್ಷಸ ಬಿಲ್ಲುಗಾರನ ಕಡೆ ತಿರುಗಿದ. ಗುರಾಣಿಯವನ ಕೊಕ್ಕೆ ರಾಕ್ಷಸನ ಸೊಂಟಕ್ಕೆ ಬಿತ್ತು. ರಾಕ್ಷಸ ಸಿಟ್ಟಿಗೆದ್ದು ಗುರಾಣಿಯವನ ಬರಿ ತೊಡೆಗೇ ಹೊಡೆದ. ರಕ್ತ ಬಂತು. ವೈದ್ಯೆ ಓಡಿಬಂದು ಮದ್ದು ಹಚ್ಚಿದ್ಲು. ಅವಳ ಮದ್ದು ಇವನ ಮೈಗೆ ತಾಗಿದ್ದು ಅದೇ ಮೊದಲು. ರಾಕ್ಷಸ ಯಾವ ಕಡೆ ಹೋದ್ರೂ ಇವನು ಎದುರಿಗಿದ್ದ, ಹಿಂದಿನಿಂದ ಬಾಣ ಬರ್ತಾನೇ ಇತ್ತು. ಕೊನೆಗೆ ರಾಕ್ಷಸ ಮಣ್ಣು ಮುಕ್ಕಿದ.

ಸರ್ ಕತೆ ನಿಲ್ಲಿಸಿದ್ರು. ಮೇದಿನಿಗೆ ಸಮಾಧಾನ ಆಗಲಿಲ್ಲ. "ಅಲ್ಲ ಸರ್, ಆ ಏಟಿಗೆ ಅವನೇ ಸತ್ತುಹೋಗಿದ್ರೆ?"

"ನಿಮ್ಮ ತಂಡ ಸೋತಾಗಲೆಲ್ಲ ಕೊನೇಗೆ ಜೀವಂತ ಉಳಿಯೋಳು ನೀನೊಬ್ಬಳೇ ಅಲ್ವೇನಮ್ಮ?"

ಮೇದಿನಿ ಮೈಕ್ ಆಫ್ ಮಾಡಿ ಕವಚದಿಂದ ಪಾಯಿಂಟು ವಾಪಸ್ ತೆಗೆದ್ಲು. ಒಂದಷ್ಟು ಓಟಕ್ಕೆ ಹಾಕಿದ್ಲು, ಒಂದಷ್ಟು ಎಳೆಯೋ ಸರಪಳಿಗೆ. ಉಳಿದದ್ದನ್ನ ಯಾವುದಕ್ಕೂ ಹಾಕದೆ, ಆ ಹೊತ್ತಿಗೆ ಏನು ಬೇಕೋ ಅದಕ್ಕೆ ಅಂತ ಕೈಯಲ್ಲೇ ಇಟ್ಕೊಂಡ್ಲು.

ಭಾನುವಾರ ಎದುರು ತಂಡದವರು ಎಂದಿನ ಹಾಗೆ ಅವಳನ್ನ ಬಿಟ್ಟು ಸುತ್ತಿ ಬರೋಕೆ ಹೊರಟ್ರು. "ಅಯ್ಯಯ್ಯೋ, ಈ ಡಬ್ಬ ಓಡ್ತಿದೆ ಕಣ್ರೋ!" ಅಂತ ಅವರಲ್ಲೊಬ್ಬ ಕಿರುಚಿದ್ದು ಎಲ್ಲರಿಗೂ ಕೇಳಿಸ್ತು. ಮೇದಿನಿ ಎಡಕ್ಕಿದ್ಲು, ಬಲಕ್ಕಿದ್ಲು, ಓಡೋರನ್ನ ಸರಪಳಿ ಬೀಸಿ ಎಳ್ಕೊಂಡ್ಲು. ಕೊನೇಲಿ, ತಮ್ಮ ತಂಡದಲ್ಲಿ ಮದ್ದು ಹಾಕೋ ಸುಮೇಧಳ ಎದೆಗೆ ಬರ್ತಿದ್ದ ಈಟಿಗೆ ತಾನು ಅಡ್ಡ ಹೋಗಿ ಬಿದ್ದುಬಿಟ್ಲು. ಆಟದಲ್ಲಿ ಅವಳು ಸತ್ತಳು ಅಂತ ಪರದೆ ಬೂದಿ ಬಣ್ಣಕ್ಕೆ ತಿರುಗ್ತು.

ಆದ್ರೆ ನಾಲ್ವರೂ ನಿಂತಿದ್ರು. ಕೋಟೆ ಮೇಲೆ ಅವರ ಬಾವುಟ ಏರ್ತು. ಉಳಿದ ಎದುರಾಳಿಗಳು ಒಳಕೋಣೆಗೆ ನುಗ್ಗಿ ಬಾಗಿಲು ಜಡ್ಕೊಂಡ್ರು.

"ಮೇದಿನೀ, ಮುಂದಿನ ವಾರಾನೂ ನೀನೇ ಮುಂದೆ ಕಣೇ!" ಅಂತ ಕೂಗ್ತಾ ಸುಮೇಧ ಆ ಬಾಗಿಲನ್ನ ದಬದಬ ಬಡಿದ್ಲು. "ಬನ್ರೋ ಹೊರಗೆ! ನಮ್ಮ ಟ್ಯಾಂಕ್ ಮಲಗಿದಾಳೆ, ಈಗಲಾದ್ರೂ ಬನ್ನಿ!"

ಬಾಗಿಲು ತೆರೀಲಿಲ್ಲ.