ಸುಣ್ಣದ ಗೆರೆಯಾಚೆ ಕುಳಿತ ಭಂತೇಜಿ

೧೯೮೭ರ ಮೇ ೧೩, ಬುಧವಾರ, ವೈಶಾಖ ಹುಣ್ಣಿಮೆ ಎಂದು ನನ್ನ ಹಳೆಯ ದಿನಚರಿಯಲ್ಲಿದೆ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಹೆಣ್ಣು ನಾನು; ತಾರೀಖು ತಪ್ಪಿ ಬರೆದವಳಲ್ಲ. ಬೌದ್ಧ ಭಿಕ್ಷು ಪೂಜ್ಯ ಧಮ್ಮಸಾರ ಭಂತೇಜಿಯವರು ಆಗ ಚಿತ್ತಾಪುರದ ಕಡೆಯ ನಮ್ಮೂರಿನಲ್ಲಿ, ಒಂದು ತಗಡಿನ ಕೋಣೆಯಲ್ಲಿ ಪ್ರಸನ್ನರಾಗಿ ವಾಸವಾಗಿದ್ದರು.

ಊರಿನಲ್ಲಿ ಕಟ್ಟಬೇಕೆಂದಿದ್ದ ಬುದ್ಧವಿಹಾರಕ್ಕೆ ಜಾಗ ಕೊಡಲು ಮುಂದೆ ಬಂದವರು ನನ್ನ ಭಾವ ಮರೆಪ್ಪನವರು, ನಿವೃತ್ತ ಓವರ್‌ಸಿಯರ್. ತೀರಿಹೋದ ಮಡದಿ ಕಾಶಿಬಾಯಿಯವರ ನೆನಪಿಗೆ, ರೈಲಿನಲ್ಲಿ ಹೋಗುವವರಿಗೂ ಕಾಣುವಂಥ ವಿಹಾರವೇ ಆಗಬೇಕೆಂದು ಅವರ ಹಟ. ಥಾಯ್ಲೆಂಡಿನ ಕ್ಯಾಲೆಂಡರ್ ನೋಡಿ, ಒಂದರ ಮೇಲೊಂದು ಚೂಪು ಚಾವಣಿಗಳ ನಕ್ಷೆ ಬರೆದಿದ್ದರು. ಊರಿನ ಕೆಲವರಿಗೆ ಬೈಲಕುಪ್ಪೆಯ ಟಿಬೆಟನ್ ವಿಹಾರದಂತೆ ದಪ್ಪ ಗೋಡೆ, ಬಣ್ಣದ ಕಂಬಗಳು ಬೇಕು, ಕೆಲವರಿಗೆ ಅಜಂತೆಯ ಕಮಾನು. ತಮ್ಮ ನಕ್ಷೆ ಒಪ್ಪದಿದ್ದರೆ ಜಾಗವೇ ಇಲ್ಲ ಎಂದುಬಿಟ್ಟರು ಭಾವ. ಭಂತೇಜಿಯವರನ್ನು ಕೇಳೋಣವೆಂದರೆ, ತಗಡಿನಡಿ ಮಲಗುವವರಿಗೆ ಕಟ್ಟಡದ ಉಸಾಬರಿ ಯಾಕೆಂದು ಭಾವನವರು ನಕ್ಕರು.

ಹುಣ್ಣಿಮೆಯ ವಂದನೆಯನ್ನು ಆ ಜಾಗದಲ್ಲೇ, ಭಾವನವರು ವಿಹಾರದ ತಳಪಾಯಕ್ಕೆಂದು ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳ ಒಳಗೇ ಮಾಡೋಣವೆಂದು ಭಂತೇಜಿಯವರು ಹೇಳಿ ಕಳಿಸಿದರು. 'ಬುದ್ಧಂ ಶರಣಂ ಗಚ್ಛಾಮಿ' ಎಂಬ ತ್ರಿಶರಣ ಮುಗಿಯುವಷ್ಟರಲ್ಲಿ ಬಿಸಿಲೇರಿತು. ಮುದುಕಿಯರು ಕುಳಿತಲ್ಲಿಂದಲೇ ಭಾವನವರ ಮನೆ ಪಕ್ಕದ ಬೇವಿನ ನೆರಳಿಗೆ ತೆವಳಿದರು. ಮಿಕ್ಕವರೂ ಹಿಂದೆಯೇ ಸರಿದರು. ಗೆರೆಯೊಳಗೆ ಉಳಿದವರು ಭಂತೇಜಿಯವರು ಮತ್ತು ಕೊಡೆ ಹಿಡಿದ ಭಾವ. ಭಂತೇಜಿಯವರು ಎದ್ದು ಹೋಗಿ ಜನರ ನಡುವೆ ಕುಳಿತರು.

"ಭಂತೇಜಿ, ಅದು ವಿಹಾರದ ಹೊರಗ ಆತಲ್ರಿ," ಎಂದರು ಭಾವ.

"ಮಂದಿ ಇಲ್ಲಿದ್ದಾರೆ, ಮರೆಪ್ಪನವರೇ. ಗೆರೆ ಇಲ್ಲಿಗೆ ಬರಲಿ."

ಆಮೇಲೆ ಮೆಲ್ಲಗೆ ತಿಳಿಸಿದರು: ಥಾಯ್ ಚಾವಣಿ ಅಲ್ಲಿಯ ಮಳೆಗಾಗಿ, ಟಿಬೆಟಿನ ದಪ್ಪ ಗೋಡೆ ಅಲ್ಲಿಯ ಚಳಿಗಾಗಿ, ನಮ್ಮ ಬಿಸಿಲಿಗೆ ತಕ್ಕದ್ದನ್ನು ನಾವು ಕಟ್ಟಿಕೊಳ್ಳಬೇಕು. ಮತ್ತೆ ಕೇಳಿದರು, "ಕಾಶಿಬಾಯಿಯವರು ಬಂದವರನ್ನು ಎಲ್ಲಿ ಕೂಡಿಸುತ್ತಿದ್ದರು?"

ಭಾವನವರ ಕೊಡೆ ಕೆಳಗಿಳಿಯಿತು. "ಇಲ್ಲೇರಿ. ಈ ಬೇವಿನ ಬುಡಕ್ಕ."

ಭಂತೇಜಿಯವರ ಪಾದಕ್ಕೆ ಮಣಿದು, ಗೆರೆಯನ್ನು ತಮ್ಮ ಕಾಲಿನಿಂದಲೇ ಅಳಿಸಿದರು. "ಬಿ.ಎ. ಬಾಯಾರ, ಸುಣ್ಣದ ಬುಟ್ಟಿ ತರ್ರಿ," ಎಂದು ನನ್ನನ್ನು ಕರೆದಾಗ ದನಿ ಒದ್ದೆಯಾಗಿತ್ತು, ಮುಖ ನಗುತ್ತಿತ್ತು.

ಶಹಾಬಾದ್ ಕಲ್ಲಿನ ತಗ್ಗು ವಿಹಾರವೆದ್ದಿತು; ಸುತ್ತ ಅಗಲವಾದ ಪಡಸಾಲೆ, ಪಕ್ಕದಲ್ಲೇ ಬೇವು. ರೈಲಿನಿಂದ ಅದು ಕಾಣುವುದಿಲ್ಲ. ಪ್ರತಿ ಹುಣ್ಣಿಮೆಗೆ ಮುದುಕಿಯರಿಗೆ ಕೈ ಹಿಡಿದು ಜಾಗ ತೋರಿಸುತ್ತಿದ್ದವರು ಭಾವನವರೇ.

ಇದಕ್ಕೆ ಕೊನೆಗೆ ತೆತ್ತ ಬೆಲೆಯನ್ನೂ ಬರೆದಿಡುತ್ತೇನೆ. ಗೆರೆ ಬೇವಿನವರೆಗೆ ಬಂದದ್ದರಿಂದ ಅದಕ್ಕೆ ತಾಗಿದ್ದ ಭಾವನವರ ಮಲಗುವ ಕೋಣೆಯನ್ನು ಕೆಡವಬೇಕಾಯಿತು. ಅವರು ಬದುಕಿರುವವರೆಗೂ ನಡುಮನೆಯಲ್ಲಿ ಮಲಗಿದರು; ಅವರ ಗೊರಕೆಯನ್ನು ಅದೇ ಮನೆಯಲ್ಲಿದ್ದ ನಾವೆಲ್ಲರೂ ಹಂಚಿಕೊಂಡೆವು.