ರಾಜನಿಗೆ ರಾತ್ರಿ ಗಂಜಿ

ಒಬ್ಬ ರಾಜ. ಮದುವೆ ಮೇಲೆ ಮದುವೆಯಾಗಿ ಐದು ಜನ ರಾಣಿಯರಾದ್ರು, ತೊಟ್ಟಿಲು ಮಾತ್ರ ಖಾಲಿ. ಕೊನೆಗೆ ಅಡುಗೆ ಭಟ್ಟನ್ನ ಕರೆಸಿ ಗುಡುಗಿದ.

"ನಿನ್ನ ಅಡುಗೇಲಿ ಸತ್ವ ಇಲ್ಲ ಕಣಯ್ಯ! ಮಕ್ಕಳಾಗೋ ಅಡುಗೆ ಮಾಡು, ಇಲ್ಲಾಂದ್ರೆ ಊರು ಬಿಡು."

ಭಟ್ಟನಿಗೆ ಸಂಗತಿ ಗೊತ್ತಿತ್ತು. ದಿನಾ ರಾತ್ರಿ ಐದೂ ರಾಣಿಯರು ಹಟಕ್ಕೆ ಬಿದ್ದು ಹೋಳಿಗೆ ಬಡಿಸೋರು. ಅಷ್ಟೂ ಉಂಡ ರಾಜ ಮಂಚ ಕಂಡ ಕೂಡ್ಲೇ ಗೊರಕೆ.

"ಒಂದು ವ್ರತ ಇದೆ ಮಹಾಸ್ವಾಮಿ. ರಾತ್ರಿ ಬರೀ ಗಂಜಿ."

"ನಾನು ಗಂಜಿ ಕುಡೀಬೇಕಾ? ಹಸಿವಿಗೆ ನಿದ್ದೇನೇ ಬರಲ್ಲ!"

"ಅದೇ ವ್ರತದ ಫಲ, ಸ್ವಾಮಿ."

ಮಾವಿನ ಕಾಲಕ್ಕೆ ಐದೂ ರಾಣಿಯರು ಒಟ್ಟಿಗೇ ಬಸುರಿ. ರಾಜ ಕುಣಿದಾಡಿ ಭಟ್ಟನಿಗೆ ಶಾಲು ಹೊದಿಸಿದ.

ಶಾಲು ಹೊದ್ದು ಅಡುಗೆಮನೆಗೆ ಬಂದ್ರೆ, ಒಬ್ಬರಿಗೆ ಮಾವಿನಕಾಯಿ ಚಿತ್ರಾನ್ನದ ಬಯಕೆ, ಒಬ್ಬರಿಗೆ ಕೋಡುಬಳೆ, ಇನ್ನೊಬ್ಬರಿಗೆ ಈಗಿಂದೀಗ್ಲೇ ಸುಟ್ಟ ಹಲಸಿನ ಬೀಜ. ಬೆವರು ಒರೆಸ್ಕೊಂಡು ಭಟ್ಟ ಹೆಂಡತಿಗೆ ಹೇಳಿದ:

"ಮುಂದಿನ ವರ್ಷ ಇದು ನನ್ನ ಕೈಲಾಗಲ್ಲ ಕಣೇ. ಮಹಾರಾಜರಿಗೆ ಇವತ್ತಿಂದ್ಲೇ ಹೋಳಿಗೆ ಶುರುಮಾಡು. ತುಪ್ಪ ಜಾಸ್ತಿ ಹಾಕು."