ಮಗ್ಗದಿಂದ ಇಳಿಯದ ಬಟ್ಟೆ

"ಬುದ್ಧಿ, ನಾಳೆ ಹೊರಡುತ್ತೇನೆ. ದೂರದ ಊರಿನಲ್ಲಿ ನಿಮ್ಮ ಮಾತು ಹೇಳಬೇಕು. ನಿಮ್ಮ ಗುರುಗಳು ಬರೆದಿಟ್ಟ ಒಂದು ಓಲೆಯೂ ನಮ್ಮಲ್ಲಿಲ್ಲ, ಅವರ ಗುರುಗಳದ್ದೂ ಇಲ್ಲ. ನಮ್ಮದು ಹಳೆಯ ದಾರಿ ಎಂಬುದಕ್ಕೆ ಜನರಿಗೆ ಏನು ತೋರಿಸಲಿ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಅವನು ಕಟ್ಟಿಟ್ಟ ಗಂಟುಮೂಟೆಯನ್ನು ಒಮ್ಮೆ ನೋಡಿ ಈ ಕತೆ ಹೇಳಿದರು.

ಒಬ್ಬ ಭಂಡಾರಿ ಇದ್ದ. ದೊರೆಯ ಉಗ್ರಾಣದ ಬೀಗದ ಕೈಗಳೆಲ್ಲ ಅವನ ಸೊಂಟದಲ್ಲಿದ್ದವು. ದೊರೆಗೆ ಹಳೆಯ ವಸ್ತುಗಳ ಹುಚ್ಚು. "ಗುಡ್ಡದ ಸೀಮೆಯ ನೇಕಾರರ ಹತ್ತಿರ ಎಲ್ಲಕ್ಕಿಂತ ಹಳೆಯ ಬಟ್ಟೆ ಯಾವುದಿದೆಯೋ ಅದನ್ನು ತಾ. ಬರಿಗೈಯಲ್ಲಿ ಬಂದರೆ ಬೀಗದ ಕೈ ಇಟ್ಟು ಮನೆಗೆ ನಡೆ" ಎಂದ.

ಗುಡ್ಡದ ಸೀಮೆ ಬಹಳ ಚಿಕ್ಕದು. ಬೆಳಿಗ್ಗೆ ಈ ತುದಿಯಿಂದ ಹೊರಟರೆ ಊಟದ ಹೊತ್ತಿಗೆ ಆ ತುದಿ. ಭಂಡಾರಿಗೆ ಮಾತ್ರ ಮೂರು ದಿನ ಹಿಡಿಯಿತು. ಮನೆಮನೆಯಲ್ಲೂ ಮಗ್ಗವಿತ್ತು, ಪ್ರತಿ ಮಗ್ಗದ ಮುಂದೆಯೂ ಅವನ ಕಾಲು ನಿಂತುಬಿಡುತ್ತಿತ್ತು. ಪೀತಾಂಬರಗಳನ್ನು ಮಡಿಸಿ ಮಡಿಸಿ ಬೇಸತ್ತಿದ್ದ ಅವನ ಕೈಗೆ ಅಲ್ಲಿಯ ನೂಲಿನ ಸೀರೆ ಹಿತವಾಯಿತು. ಅಂಗೈಯಗಲದ ಸೀಮೆಯಲ್ಲಿ ಇಂಥ ಕಸುಬೇ ಎಂದು ಬೆರಗಾದ. ಆದರೆ ಹಳೆಯ ಬಟ್ಟೆ ಕೇಳಿದರೆ ಜನ ನಗುತ್ತಿದ್ದರು. ಹಳೆಯದೆಲ್ಲ ಬಾಣಂತಿಯರ ಮನೆಗೆ ಹೋಗುತ್ತದೆ. ಹಸುಗೂಸನ್ನು ಸುತ್ತಲು ಅಷ್ಟು ಮೆತ್ತನೆಯದು ಬೇರೆ ಸಿಗುವುದಿಲ್ಲ.

ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಬೂದಿ ಹಚ್ಚಿದ ಬೆರಳಿನಿಂದ ಎಳೆಗೆ ಎಳೆ ಹೊಸೆಯುತ್ತಿದ್ದಳು. ನೇಯ್ದ ಸೀರೆಯನ್ನು ಕುಯ್ದ ಮೇಲೆ ಮಗ್ಗದಲ್ಲಿ ಗೇಣುದ್ದ ನೂಲು ಉಳಿಯುತ್ತದೆ. ಅದರ ಒಂದೊಂದು ತುದಿಗೂ ಹೊಸ ಎಳೆ ಸೇರಿಸಿ ಹೊಸೆದರೆ ಮುಂದಿನ ಸೀರೆ. ಎರಡು ಸಾವಿರ ಎಳೆಗಳ ಕೆಲಸ ಅದು.

"ದೊರೆಗಳು ಕೇಳಿದ್ದಾರೆ, ನಿಮ್ಮಲ್ಲಿ ಎಲ್ಲಕ್ಕಿಂತ ಹಳೆಯ ಬಟ್ಟೆ ಯಾವುದಮ್ಮ?"

"ಇದೇ ಸ್ವಾಮಿ," ಎಂದು ಮುದುಕಿ ಇನ್ನೂ ನೇಯದ ನೂಲನ್ನು ತೋರಿಸಿದಳು. "ನನ್ನ ಮದುವೇಲಿ ನಮ್ಮವ್ವ ತನ್ನ ಮಗ್ಗದಾಗೆ ಉಳಿದಿದ್ದ ನೂಲನ್ನ ನನ್ನ ಮಡಿಲಿಗೆ ಇಟ್ಟು ಕಳಿಸಿದ್ಲು. ಅವಳಿಗೆ ಅವರವ್ವ. ಮೊದಲ್ನೇ ಮಗ್ಗದಿಂದ ಹಿಂಗೇ ಹೊಸ್ಕೊಂಡು ಬಂದೀವಿ, ಒಂದ್ ಸಲಾನೂ ಕಡಿದಿಲ್ಲ."

"ಹಾಗಾದರೆ ಅವರ ನೂಲು ಇದರಲ್ಲಿದೆಯೋ?"

"ಒಂದೆಳೇನೂ ಇಲ್ಲ. ಎಲ್ಲಾ ಯಾರ್ಯಾರೋ ಉಟ್ಟು ಹರಿದ್ರು."

ಭಂಡಾರಿಗೆ ಬೀಗದ ಕೈಗಳು ನೆನಪಾದವು. ಈ ಗೇಣು ನೂಲನ್ನಾದರೂ ಒಯ್ದು ಮಾನ ಉಳಿಸಿಕೊಳ್ಳೋಣವೆಂದು ಮಗ್ಗದ ಮೇಲಿದ್ದ ಕತ್ತರಿ ಎತ್ತಿಕೊಂಡ. ಮುದುಕಿ ತಡೆಯಲಿಲ್ಲ. ಕೈ ಪಕ್ಕಕ್ಕೆ ಸರಿಸಿದಳು.

"ಕುಯ್ಕೊಳ್ಳಿ ಸ್ವಾಮಿ, ದೊರೆಗಳು ಕೇಳವ್ರೆ. ನಾಳೆಯಿಂದ ಈ ಸೀಮೇಲಿ ಎಲ್ಲಕ್ಕಿಂತ ಹೊಸ ಮಗ್ಗ ನಂದಾಯ್ತದೆ, ಅಷ್ಟೇ."

ಭಂಡಾರಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಆಮೇಲೆ ಕತ್ತರಿಯನ್ನು ಇದ್ದಲ್ಲಿಯೇ ಇಟ್ಟು, ಅವಳ ಪಕ್ಕದಲ್ಲಿ ಕೂತು, ಹೊತ್ತು ಇಳಿಯುವವರೆಗೆ ಒಂದೊಂದೇ ಹೊಸ ಎಳೆಯನ್ನು ಅವಳ ಕೈಗೆ ಕೊಡುತ್ತ ಹೋದ.

ಅರಮನೆಗೆ ಬಂದು ದೊರೆಯ ಮುಂದೆ ಬೀಗದ ಕೈಗಳನ್ನು ತಾನಾಗಿಯೇ ಇಟ್ಟ. "ಸಿಗಲಿಲ್ಲವೇ?" ಎಂದು ದೊರೆ ಕೇಳಿದ. "ಸಿಕ್ಕಿತು ಪ್ರಭು. ಅದನ್ನು ಇನ್ನೂ ನೇಯುತ್ತಿದ್ದಾರೆ" ಎಂದ. ಅವನ ಕೆಲಸ ಹೋಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ "ಕತೆ ಚೆನ್ನಾಗಿದೆ ಬುದ್ಧಿ. ಆದರೆ ನಾನು ಕೇಳಿದ್ದು ನಿಮ್ಮ ಗುರುಗಳದ್ದು ಏನಾದರೂ ಇದೆಯೇ ಎಂದು" ಎಂದ.

"ನಾನೂ ಹೊರಡುವ ಹಿಂದಿನ ದಿನ ಇದನ್ನೇ ಕೇಳಿದ್ದೆ, ಅವರು ಈ ಕತೆ ಹೇಳಿದರು" ಎಂದರು ಗುರುಗಳು.